ಅಪ್ಪನಿಗಾಗಿ ಒಂದು ಟ್ಯೂನ್: ಮನಸ್ಸಿನಲ್ಲಿರುವುದು ಜಾಝ್‌ನಲ್ಲಿ ಬರುವುದು ಹೇಗೆ?

ಪ್ರಶ್ನೆ: ನಾನು ಆರು ವರ್ಷದಿಂದ ಜಾಝ್ ಪಿಯಾನೋ ಕಲಿಯುತ್ತಿದ್ದೇನೆ. ಬೇಸ್ ಮತ್ತು ಡ್ರಮ್ಸ್ ನುಡಿಸುವ ಇಬ್ಬರು ಗೆಳೆಯರ ಜೊತೆ ಆಗೊಮ್ಮೆ ಈಗೊಮ್ಮೆ ಸಣ್ಣ ಕಾರ್ಯಕ್ರಮಗಳನ್ನೂ ಕೊಡುತ್ತೇನೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ನೆನಪಿಗೆ ಒಂದು ಟ್ಯೂನ್ ಬರೆಯೋಣ ಅಂತ ಕೂತೆ. ಮೈನರ್ ಕಾರ್ಡ್‌ಗಳನ್ನು (ದುಃಖದ ಛಾಯೆಯ ಸ್ವರಗುಚ್ಛಗಳನ್ನು) ಜೋಡಿಸಿ 32 ಬಾರ್ (ತಾಳದ ಆವರ್ತ) ಬರೆದೆ. ಕೇಳಿದರೆ ಪಾಠದ ಅಭ್ಯಾಸದ ಹಾಗಿದೆ. ಅಪ್ಪ ಅದರಲ್ಲಿ ಎಲ್ಲೂ ಇಲ್ಲ. ನುಡಿಸುವಾಗ ಅವರನ್ನು ನೆನಪು ಮಾಡಿಕೊಂಡರೆ ಗಂಟಲು ಕಟ್ಟುತ್ತದೆ, ಲಯ ತಪ್ಪುತ್ತದೆ. ನೆನಪೇ ಬೇಡ ಅಂತ ಗಟ್ಟಿಯಾಗಿ ಕೂತರೆ ಒಣಒಣ ಎನಿಸುತ್ತದೆ. ಅಪ್ಪನಿಗೆ ಸಂಗೀತ ಗೊತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗ ಎರಡು ಸ್ವರದ ಒಂದು ಶಿಳ್ಳೆ ಹಾಕುತ್ತಿದ್ದರು, ಅಷ್ಟೇ. ಮನಸ್ಸಿನಲ್ಲಿರುವುದನ್ನು ಜಾಝ್‌ನಲ್ಲಿ ತರುವುದು ಹೇಗೆ? ಜೊತೆಗೆ ನುಡಿಸುವ ಗೆಳೆಯರಿಗೆ ಏನಂತ ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಪ್ಪ ಹೋದ ಮೇಲಿನ ಮೊದಲ ವರ್ಷ ಹೇಗಿರುತ್ತದೆ ಎಂದು ನನಗೂ ಗೊತ್ತು. ಆ ಹೊತ್ತಿನಲ್ಲಿ ಪಿಯಾನೋ ಮುಂದೆ ಕೂತು ಏನಾದರೂ ಬರೆಯುವುದಕ್ಕೇ ಧೈರ್ಯ ಬೇಕು. ಬರೆದದ್ದು ಸರಿಯಾಗಿಲ್ಲ ಅಂತ ನಿಮಗೆ ಕೇಳಿಸಿತಲ್ಲ, ಅದು ಒಳ್ಳೆಯ ಲಕ್ಷಣ. ನಿಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ.

ಈಗ ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. ಟ್ಯೂನ್ ಬಗ್ಗೆ ಬರೆಯುವಾಗ ‘ಮೈನರ್ ಕಾರ್ಡ್‌ಗಳು’, ‘32 ಬಾರ್’ ಅಂತ ಬರೆದಿದ್ದೀರಿ. ಅಪ್ಪನ ಬಗ್ಗೆ ಬರೆಯುವಾಗ ‘ಎರಡು ಸ್ವರದ ಒಂದು ಶಿಳ್ಳೆ, ಅಷ್ಟೇ’ ಅಂದಿದ್ದೀರಿ. ಆ ‘ಅಷ್ಟೇ’ ಹತ್ತಿರ ನಾನು ನಿಂತುಬಿಟ್ಟೆ. ನಿಮ್ಮ ಟ್ಯೂನ್ ಇರುವುದೇ ಅಲ್ಲಿ. ಸಂಗೀತ ಗೊತ್ತಿಲ್ಲದ ಒಬ್ಬ ಮನುಷ್ಯ ಪ್ರತಿ ಸಂಜೆ ನಿಮಗಾಗಿ ಎರಡು ಸ್ವರ ಬಿಟ್ಟು ಹೋಗಿದ್ದಾರೆ. ಅದನ್ನು ಪಕ್ಕಕ್ಕಿಟ್ಟು ನೀವು ಮೈನರ್ ಕಾರ್ಡ್ ಹುಡುಕುತ್ತಾ ಹೋಗಿದ್ದೀರಿ.

ನಾನು ಹೇಳಬೇಕಾದದ್ದರ ಮುಕ್ಕಾಲು ಭಾಗ ಇಷ್ಟೇ. ‘ದುಃಖ’ ಅನ್ನುವುದು ತುಂಬಾ ದೊಡ್ಡ ಪದ. ಅದನ್ನು ಇಟ್ಟುಕೊಂಡು ಟ್ಯೂನ್ ಬರೆಯಲು ಹೋದರೆ ಎಲ್ಲರ ದುಃಖದ ಟ್ಯೂನ್ ಆಗುತ್ತದೆ, ಅಂದರೆ ಯಾರದ್ದೂ ಆಗುವುದಿಲ್ಲ. ಶಿಳ್ಳೆ ಚಿಕ್ಕದು. ಆದರೆ ಅದು ಒಬ್ಬರದೇ. ಕೇಳುವವರಿಗೆ ನಿಮ್ಮ ಅಪ್ಪನ ಪರಿಚಯ ಇರುವುದಿಲ್ಲ, ಶಿಳ್ಳೆಯ ಕಥೆಯೂ ಗೊತ್ತಿರುವುದಿಲ್ಲ. ಆದರೂ ಒಬ್ಬರದೇ ಆದ ಸದ್ದಿಗೂ ಪುಸ್ತಕದಿಂದ ಎತ್ತಿಕೊಂಡ ಸದ್ದಿಗೂ ಇರುವ ವ್ಯತ್ಯಾಸ ಅವರಿಗೆ ತಿಳಿಯುತ್ತದೆ. ಇಷ್ಟು ವರ್ಷ ಕಲಿಸಿ, ನುಡಿಸಿ ನನಗೆ ಖಚಿತವಾಗಿರುವ ಮಾತು ಇದು.

ಮೊದಲು ಆ ಶಿಳ್ಳೆಯನ್ನು ಸರಿಯಾಗಿ ನೆನಪಿಸಿಕೊಳ್ಳಿ. ಪಿಯಾನೋ ಹತ್ತಿರ ಹೋಗಬೇಡಿ. ಬಾಯಲ್ಲೇ ಹಾಕಿ ನೋಡಿ. ಎರಡನೇ ಸ್ವರ ಮೇಲಿತ್ತಾ, ಕೆಳಗಿತ್ತಾ? ಮೊದಲನೆಯದು ಉದ್ದವಿತ್ತಾ? ಎರಡರ ನಡುವೆ ಉಸಿರಿಗೆ ಜಾಗವಿತ್ತಾ, ಅಥವಾ ಒಂದರಿಂದ ಇನ್ನೊಂದಕ್ಕೆ ಜಾರುತ್ತಿದ್ದರಾ? ಸುಸ್ತಾಗಿ ಬಂದ ದಿನ ಅದು ಹೇಗೆ ಕೇಳುತ್ತಿತ್ತು? ಅಮ್ಮನಿಗೆ, ಒಡಹುಟ್ಟಿದವರಿಗೆ ಕೇಳಿ. ಒಬ್ಬೊಬ್ಬರು ಒಂದೊಂದು ರೀತಿ ಹಾಕಿ ತೋರಿಸಬಹುದು. ಅದೂ ಒಳ್ಳೆಯದೇ. ಒಂದೇ ಶಿಳ್ಳೆಗೆ ಮೂರು ರೂಪ ಸಿಕ್ಕಿದ ಹಾಗಾಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಮಾತು, ಉಸಿರು, ದನಿಯ ಏರಿಳಿತದಿಂದ ಸಂಗೀತ ಕಟ್ಟುವುದು ಜಾಝ್‌ನಲ್ಲಿ ಹೊಸದೇನಲ್ಲ. ಸ್ಯಾಕ್ಸೋಫೋನ್ ವಾದಕ ಜಾನ್ ಕಾಲ್ಟ್ರೇನ್ 1964ರ ಡಿಸೆಂಬರ್ 9ರಂದು ರೆಕಾರ್ಡ್ ಮಾಡಿದ ‘ಎ ಲವ್ ಸುಪ್ರೀಮ್’ ನಿಮಗೆ ಗೊತ್ತಿರುತ್ತದೆ. ಅದರ ನಾಲ್ಕನೇ ಭಾಗ ‘ಸಾಮ್’, ಅಂದರೆ ಸ್ತೋತ್ರ. ಕಾಲ್ಟ್ರೇನ್ ತಾವೇ ಬರೆದ ಒಂದು ಪ್ರಾರ್ಥನೆಯನ್ನು ಆ ಆಲ್ಬಮ್‌ನ ಹೊದಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಆ ಪ್ರಾರ್ಥನೆಯನ್ನು ಕೈಯಲ್ಲಿ ಹಿಡಿದು ನಾಲ್ಕನೇ ಭಾಗ ಕೇಳಿ ನೋಡಿ. ಸಾಲು ಸಾಲಾಗಿ, ಹೆಚ್ಚುಕಡಿಮೆ ಪದಪದವಾಗಿ ಸ್ಯಾಕ್ಸೋಫೋನ್ ಅದನ್ನು ಹೇಳುತ್ತಾ ಹೋಗುತ್ತದೆ. ಹಾಡುವವರಿಲ್ಲ. ಎಣಿಸುವ ತಾಳವೂ ಇಲ್ಲ. ವಾಕ್ಯ ಮುಗಿದಲ್ಲಿ ಉಸಿರು, ಉಸಿರು ಮುಗಿದಲ್ಲಿ ಮೌನ. ಮೊದಲ ಸಲ ಹಾಗೆ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಅದಕ್ಕೂ ಮುಂಚೆ ಆ ಭಾಗ ನನಗೆ ಬರೀ ‘ಗಂಭೀರವಾದ ಒಂದು ನುಡಿಸಾಣಿಕೆ’ ಆಗಿತ್ತು.

ನೀವೂ ಇದನ್ನು ಮಾಡಬಹುದು. ಅಪ್ಪನಿಗೆ ನಾಲ್ಕೈದು ವಾಕ್ಯ ಬರೆಯಿರಿ. ಕವಿತೆ ಬೇಡ. ಎದುರಿಗೆ ಕೂತಿದ್ದರೆ ಹೇಗೆ ಮಾತಾಡುತ್ತಿದ್ದಿರೋ ಹಾಗೆ, ನಿಮ್ಮ ಮನೆಯ ಮಾತಿನಲ್ಲೇ. ‘ಬೈಕ್ ಕೀ ಇನ್ನೂ ಅಲ್ಲೇ ಇದೆ’ ಅನ್ನುವಂಥ ಸಾಮಾನ್ಯ ಮಾತಾದರೂ ಸರಿ. ಅದನ್ನು ಜೋರಾಗಿ ಓದಿ, ರೆಕಾರ್ಡ್ ಮಾಡಿ. ಆಮೇಲೆ ಪಿಯಾನೋದ ಒಂದೇ ಒಂದು ಕೀಲಿಯ ಮೇಲೆ ಆ ಮಾತಿನ ಲಯವನ್ನಷ್ಟೇ ನುಡಿಸಿ. ಎಲ್ಲಿ ಅವಸರವಿದೆ, ಎಲ್ಲಿ ತಡವರಿಕೆ ಇದೆ, ಎಲ್ಲಿ ನಿಲ್ಲುತ್ತೀರಿ ಅನ್ನುವುದು ಗೊತ್ತಾಗುತ್ತದೆ. ಅದು ಕೈಗೆ ಕೂತ ಮೇಲೆ ದನಿ ಏರಿದಲ್ಲಿ ಸ್ವರ ಏರಿಸಿ, ಇಳಿದಲ್ಲಿ ಇಳಿಸಿ. ಹೀಗೆ ಸಿಗುವ ಸಾಲು ಎಂಟೆಂಟು ಬಾರ್‌ಗಳ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಕೂರಿಸಬೇಡಿ. ಒಂದು ಸಾಲಿಗೆ ಐದು ಬಾರ್ ಬೇಕಾದರೆ ಐದೇ ಇರಲಿ. ಪದಗಳನ್ನು ಕೊನೆಗೆ ಯಾರಿಗೂ ತೋರಿಸಬೇಕಾಗಿಲ್ಲ.

ಇನ್ನು ಮೈನರ್ ಕಾರ್ಡ್ ವಿಚಾರ. ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಸಂತೋಷ ಅಂತ ನಮಗೆಲ್ಲ ಶುರುವಿನಲ್ಲಿ ಹೇಳಿಕೊಡುತ್ತಾರೆ. ಅದು ಅರ್ಧ ನಿಜ. ಜಾಝ್‌ನಲ್ಲಿ ಅರ್ಧಕ್ಕಿಂತಲೂ ಕಮ್ಮಿ. ಪಿಯಾನೋ ವಾದಕ ಹೋರೇಸ್ ಸಿಲ್ವರ್ ಅವರ ‘ಸಾಂಗ್ ಫಾರ್ ಮೈ ಫಾದರ್’ ಕೇಳಿ. 1964ರಲ್ಲಿ ರೆಕಾರ್ಡ್ ಆದದ್ದು. ಇರುವುದು ಎಫ್ ಮೈನರ್‌ನಲ್ಲಿ. ಆದರೆ ಕೇಳುತ್ತಿದ್ದರೆ ಕಾಲು ಸುಮ್ಮನಿರುವುದಿಲ್ಲ. ಆ ಆಲ್ಬಮ್‌ನ ಮುಖಪುಟದಲ್ಲಿರುವುದು ಸಿಲ್ವರ್ ಅವರ ತಂದೆಯ ಫೋಟೋ. ಆ ತಂದೆ ಕೇಪ್ ವರ್ಡೆ ದ್ವೀಪಗಳಿಂದ ಅಮೆರಿಕಕ್ಕೆ ಬಂದವರು. ತಂದೆಯ ಕಡೆಯ ಜಾನಪದ ಸಂಗೀತ ಮತ್ತು ಸಿಲ್ವರ್ ಬ್ರೆಜಿಲ್‌ನಲ್ಲಿ ಕೇಳಿ ಬಂದ ಲಯ, ಎರಡೂ ಆ ಟ್ಯೂನ್‌ನಲ್ಲಿ ಸೇರಿವೆ. ಅಪ್ಪನ ಮೇಲಿನ ಪ್ರೀತಿ ಅಲ್ಲಿ ಬೇಸ್ ಲೈನಿನಲ್ಲೇ ನಡೆದಾಡುತ್ತದೆ.

ಇದರ ಪಕ್ಕದಲ್ಲಿ ಅಪ್ಪನಿಗಾಗಿಯೇ ಮಾಡಿದ ಇನ್ನೊಂದು ಸಂಗೀತವಿದೆ. ಪಿಯಾನೋ ವಾದಕ ಬಿಲ್ ಎವನ್ಸ್ ಅವರ ತಂದೆ 1966ರಲ್ಲಿ ತೀರಿಕೊಂಡರು. ಅದೇ ವರ್ಷ ಫೆಬ್ರವರಿ 21ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಎವನ್ಸ್ ಅವರ ಕಛೇರಿಯಿತ್ತು. ಬೇಸ್, ಡ್ರಮ್ಸ್ ಎರಡನ್ನೂ ಬಿಟ್ಟು, ಒಬ್ಬರೇ ಕೂತು, ತಂದೆಯ ನೆನಪಿಗೆ ಒಂದು ಉದ್ದದ ರಚನೆ ನುಡಿಸಿದರು. ‘ಟರ್ನ್ ಔಟ್ ದ ಸ್ಟಾರ್ಸ್’ ಬರುವುದು ಅದರೊಳಗೆ. ಅದನ್ನು ಕೇಳುವಾಗ ಕಾರ್ಡ್‌ಗಳ ಹೆಸರು ಬರೆದುಕೊಳ್ಳಬೇಡಿ. ಒಂದು ಕಾರ್ಡ್ ಇನ್ನೊಂದಕ್ಕೆ ಹೇಗೆ ಜಾರುತ್ತದೆ ಅನ್ನುವುದನ್ನಷ್ಟೇ ಗಮನಿಸಿ. ನೆಲೆ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಬೇರೆ ಕಡೆಗೆ ತಿರುಗಿರುತ್ತದೆ. ಇಬ್ಬರು ಮಕ್ಕಳು, ಇಬ್ಬರು ತಂದೆಯರು. ಒಂದು ಟ್ಯೂನ್ ಕುಣಿಯುತ್ತದೆ, ಇನ್ನೊಂದು ನೆಲೆಗಾಗಿ ಹುಡುಕುತ್ತದೆ. ನಿಮ್ಮ ಅಪ್ಪ ಹೇಗಿದ್ದರು? ತಮಾಷೆ ಮಾಡುತ್ತಿದ್ದರೆ ಟ್ಯೂನ್‌ನಲ್ಲಿ ತಮಾಷೆ ಇರಲಿ. ಮಾತು ಕಮ್ಮಿಯಿದ್ದರೆ ಸ್ವರಗಳೂ ಕಮ್ಮಿ ಇರಲಿ. ಅವರು ಹೋದದ್ದನ್ನೇ ಬರೆಯಬೇಕು ಅಂತ ಏನಿಲ್ಲ. ಅವರು ಇದ್ದದ್ದನ್ನೂ ಬರೆಯಬಹುದು.

ಹಾಗಾದರೆ ಕಾರ್ಡ್‌ಗಳಿಂದ ಭಾವ ಬರುವುದಿಲ್ಲವಾ? ಬರುತ್ತದೆ. ಆದರೆ ಒಂದು ಕಾರ್ಡ್‌ನಿಂದ ಅಷ್ಟಾಗಿ ಬರುವುದಿಲ್ಲ. ಏನು ನಿಂತಿದೆ, ಏನು ಕದಲಿದೆ ಅನ್ನುವುದರಿಂದ ಬರುತ್ತದೆ. ಇದನ್ನು ಈಗಲೇ ಪಿಯಾನೋ ಮೇಲೆ ಪರೀಕ್ಷೆ ಮಾಡಿ. ಬಲಗೈಯಲ್ಲಿ ಒಂದು ‘ಜಿ’ ಸ್ವರ ಹಿಡಿದುಕೊಳ್ಳಿ. ಕೆಳಗೆ ಮೊದಲು ಸಿ ಮೇಜರ್ ಒತ್ತಿ. ಆ ಜಿ ಮನೆಯಲ್ಲಿ ಕೂತ ಹಾಗಿರುತ್ತದೆ. ಜಿ ಬಿಡದೆ ಕೆಳಗೆ ಇ ಫ್ಲ್ಯಾಟ್ ಮೇಜರ್ ಒತ್ತಿ. ಅದೇ ಸ್ವರಕ್ಕೆ ಬೇರೆ ಬೆಳಕು ಬಿದ್ದ ಹಾಗಾಗುತ್ತದೆ. ಆಮೇಲೆ ಎ ಫ್ಲ್ಯಾಟ್ ಮೇಜರ್ ಸೆವೆಂತ್. ಈಗ ಜಿ ಎಲ್ಲೋ ಅಂಚಿನಲ್ಲಿ ನಿಂತು ಒಳಗೆ ನೋಡುತ್ತಿದೆ. ಮೂರೂ ಮೇಜರ್ ಕುಟುಂಬದ ಕಾರ್ಡ್‌ಗಳೇ. ಮೇಲಿನ ಸ್ವರ ಒಂದಿಷ್ಟೂ ಬದಲಾಗಿಲ್ಲ. ಆದರೂ ಏನೋ ಕಳೆದುಹೋದ ಹಾಗೆ ಅನ್ನಿಸುತ್ತದೆ, ಅಲ್ವಾ? ಅಪ್ಪನ ಶಿಳ್ಳೆಯ ಒಂದು ಸ್ವರವನ್ನು ಹೀಗೆ ಮೇಲೆ ಹಿಡಿದು ಕೆಳಗಿನ ನೆಲವನ್ನು ಬದಲಾಯಿಸುತ್ತಾ ಹೋಗಿ. ಅದೇ ಶಿಳ್ಳೆ, ಬೇರೆ ಮನೆ. ಒಬ್ಬರು ಹೋದ ಮೇಲೆ ಮನೆ ಹೀಗೇ ತಾನೇ ಬದಲಾಗುವುದು?

ದೊಡ್ಡವರ ರಚನೆಗಳಲ್ಲಿ ಇದೇ ಕೆಲಸ ಬೇರೆ ಬೇರೆ ರೀತಿಯಲ್ಲಿ ಕಾಣುತ್ತದೆ. ಕಾಲ್ಟ್ರೇನ್ ತಮ್ಮ ಮೊದಲ ಹೆಂಡತಿಯ ಹೆಸರಿನಲ್ಲಿ ಬರೆದ ‘ನಯೀಮಾ’ದಲ್ಲಿ ಮೇಲಿನ ಕಾರ್ಡ್‌ಗಳು ಬದಲಾಗುತ್ತಿದ್ದರೂ ಬೇಸ್ ಒಂದೊಂದು ಭಾಗದಲ್ಲೂ ಒಂದೇ ಸ್ವರಕ್ಕೆ ಅಂಟಿಕೊಂಡಿರುತ್ತದೆ, ತಂಬೂರಿಯ ಹಾಗೆ. ಬಿಲ್ ಎವನ್ಸ್ 1958ರಲ್ಲಿ ನುಡಿಸಿದ ‘ಪೀಸ್ ಪೀಸ್’ನಲ್ಲಿ ಎಡಗೈ ಎರಡೇ ಕಾರ್ಡ್‌ಗಳನ್ನು ಉದ್ದಕ್ಕೂ ತೂಗುತ್ತಿರುತ್ತದೆ. ಬಲಗೈ ಮಾತ್ರ ದೂರ ದೂರ ಹೋಗುತ್ತದೆ, ಕರ್ಕಶ ಅನ್ನಿಸುವಷ್ಟು ದೂರ. ಎಡಗೈ ಇದ್ದಲ್ಲೇ ಇರುವುದರಿಂದ ಬಲಗೈಗೆ ಅಷ್ಟು ದೂರ ಹೋಗುವ ಧೈರ್ಯ ಬಂತು ಅಂತ ನನಗನಿಸುತ್ತದೆ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರದು ಇದಕ್ಕೆ ಉಲ್ಟಾ. 1959ರ ಮಾರ್ಚ್ 15ರಂದು ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ತೀರಿಕೊಂಡರು. ಮೇ ತಿಂಗಳಲ್ಲಿ ಲೆಸ್ಟರ್ ನೆನಪಿಗೆ ಮಿಂಗಸ್ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ರೆಕಾರ್ಡ್ ಮಾಡಿದರು. ಪೋರ್ಕ್ ಪೈ ಅಂದರೆ ಲೆಸ್ಟರ್ ಯಾವಾಗಲೂ ಹಾಕುತ್ತಿದ್ದ ಚಪ್ಪಟೆ ಟೋಪಿ. ನೋಡಿ, ಅಲ್ಲೂ ಒಂದು ಚಿಕ್ಕ ವಸ್ತುವೇ. ಆ ಟ್ಯೂನ್‌ನ ಚೌಕಟ್ಟು ಬ್ಲೂಸ್ ಎಂಬ ಹಳೆಯ 12 ಬಾರ್‌ಗಳ ಹಾಡಿನ ರೂಪ. ಮೇಲಿನ ರಾಗ ಯಾರು ಬೇಕಾದರೂ ಗುನುಗಬಹುದಾದಷ್ಟು ಸರಳ. ಆದರೆ ಕೆಳಗೆ ಕಾರ್ಡ್‌ಗಳು ಒಂದು ಕ್ಷಣ ನಿಲ್ಲದೆ ಜಾರುತ್ತಿರುತ್ತವೆ. ಸರಳವಾದ ಮಾತನ್ನು ಆಡುವವರ ಕಾಲ ಕೆಳಗಿನ ನೆಲ ಅಲುಗುತ್ತಿದ್ದರೆ ಹೇಗೋ ಹಾಗೆ.

ಯಾರು ಎಲ್ಲಿ ನುಡಿಸಬೇಕು ಅನ್ನುವುದೂ ಭಾವದ ವಿಚಾರವೇ. 1930ರ ‘ಮೂಡ್ ಇಂಡಿಗೋ’ದಲ್ಲಿ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ಮಾಡಿದ್ದನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಕ್ಲಾರಿನೆಟ್ ಮೇಲೆ, ಟ್ರೊಂಬೋನ್ ಕೆಳಗೆ ಇರುತ್ತದೆ. ಅವರು ಕ್ಲಾರಿನೆಟ್ಟನ್ನು ಅದರ ಮಂದ್ರಕ್ಕೆ ಇಳಿಸಿ ಟ್ರೊಂಬೋನನ್ನು ಮೇಲಕ್ಕೆ ಹತ್ತಿಸಿದರು. ಇದ್ದ ವಾದ್ಯಗಳೇ, ಆದರೆ ಅಂಥ ಬಣ್ಣವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಿಮ್ಮದು ಪಿಯಾನೋ ತ್ರಿವಳಿ. ನೀವೂ ಜಾಗ ಬದಲಾಯಿಸಬಹುದು. ಮುಖ್ಯ ರಾಗವನ್ನು ಎಡಗೈಗೆ ಕೊಟ್ಟು ನೋಡಿ. ಅಥವಾ ಬೇಸ್ ವಾದಕರಿಗೆ ಕೊಟ್ಟು ನೀವು ಮೇಲೆ ಎರಡು ಸ್ವರ ಮಾತ್ರ ಇಟ್ಟುಕೊಳ್ಳಿ.

ಸೋಲೋ, ಅಂದರೆ ಒಬ್ಬರೇ ಸ್ಥಳದಲ್ಲೇ ಹುಟ್ಟಿಸಿ ನುಡಿಸುವ ಭಾಗ, ಇರಲೇಬೇಕಾ ಅನ್ನುವುದನ್ನೂ ಯೋಚಿಸಿ. ಪಿಯಾನೋ ವಾದಕ ಥೆಲೋನಿಯಸ್ ಮಂಕ್ 1957ರಲ್ಲಿ, ಹೆಂಡತಿ ನೆಲ್ಲಿಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದಾಗ, ‘ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ’ ಬರೆದರು. ಸ್ಥಳದಲ್ಲೇ ಹುಟ್ಟಿಸಿ ನುಡಿಸುವುದರಲ್ಲಿ ಅವರಂಥವರು ವಿರಳ. ಆದರೆ ಈ ಟ್ಯೂನ್‌ಗೆ ಅವರು ಸೋಲೋ ಇಡಲಿಲ್ಲ. ಬರೆದದ್ದನ್ನು ಬರೆದ ಹಾಗೆಯೇ ನುಡಿಸಿ ಮುಗಿಸುತ್ತಿದ್ದರು. ಕೆಲವು ಮಾತುಗಳನ್ನು ಬದಲಾಯಿಸಿ ಹೇಳುವುದಕ್ಕೆ ಬರುವುದಿಲ್ಲ. ನಿಮ್ಮ ಟ್ಯೂನ್‌ಗೂ ಸೋಲೋ ಬೇಡ ಅನ್ನಿಸಿದರೆ ಬೇಡ. ಮೂರು ನಿಮಿಷದಲ್ಲಿ ಮುಗಿಯಲಿ.

ಈಗ ವೇದಿಕೆಯ ವಿಚಾರ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಇಲ್ಲೇ ನಾನು ವರ್ಷಗಟ್ಟಲೆ ತಪ್ಪು ತಿಳಿದುಕೊಂಡಿದ್ದೆ.

ಅಪ್ಪ ಹೋದಾಗ ನಾನೂ ಒಂದು ಟ್ಯೂನ್ ಬರೆದಿದ್ದೆ. ಮೊದಲ ಸಲ ಜನರ ಮುಂದೆ ನುಡಿಸಿದಾಗ ಕಣ್ಣು ಮುಚ್ಚಿ ಅವರ ಕೊನೆಯ ದಿನಗಳನ್ನೇ ನೆನಪಿಸಿಕೊಂಡೆ. ಎದೆ ತುಂಬಿ ಬಂತು. ನನ್ನ ಮಟ್ಟಿಗೆ ಅದಕ್ಕಿಂತ ಚೆನ್ನಾಗಿ ಎಂದೂ ನುಡಿಸಿಲ್ಲ ಅನ್ನಿಸಿತು. ಮಾರನೇ ದಿನ ರೆಕಾರ್ಡಿಂಗ್ ಕೇಳಿದೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಗತಿ ಓಡಲು ಶುರುವಾಗಿತ್ತು. ಬೇಸ್ ವಾದಕ ನನ್ನನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತಿದ್ದ. ನಾನು ಅವನನ್ನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಎಲ್ಲ ಸ್ವರಗಳೂ ಒಂದೇ ಜೋರಿನಲ್ಲಿದ್ದವು. ನನ್ನೊಳಗೆ ಅಷ್ಟೊಂದು ನಡೆದಿತ್ತು, ಹೊರಗೆ ಬಂದದ್ದು ಗಡಿಬಿಡಿ ಮಾತ್ರ. ಅವತ್ತು ನನಗೆ ಅರ್ಥವಾದದ್ದು: ಒಳಗೆ ಅನ್ನಿಸುವುದು ಬೇರೆ, ಅದು ಸದ್ದಾಗುವುದು ಬೇರೆ. ನಡುವೆ ಒಂದು ಸೇತುವೆ ಕಟ್ಟಬೇಕು. ಅದನ್ನು ಕಟ್ಟಬೇಕಾದದ್ದು ಮನೆಯಲ್ಲಿ, ಅಭ್ಯಾಸದ ಹೊತ್ತಿನಲ್ಲಿ.

ನೋವು ಜಾಸ್ತಿಯಾದಷ್ಟೂ ಸಂಗೀತ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಜಾಝ್ ಕೇಳುವವರಲ್ಲಿ ತುಂಬಾ ಇದೆ. ನಾನು ಇದನ್ನು ಒಪ್ಪುವುದಿಲ್ಲ. 1946ರ ಜುಲೈ 29ರಂದು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಸ್ಟುಡಿಯೋಗೆ ಬಂದಾಗ ಅವರ ಮೈ, ಮನಸ್ಸು ಎರಡೂ ಪೂರ್ತಿ ಕುಸಿದಿದ್ದವು. ನಿಲ್ಲುವುದೇ ಕಷ್ಟವಾಗಿತ್ತು. ಆ ಸ್ಥಿತಿಯಲ್ಲೇ ‘ಲವರ್ ಮ್ಯಾನ್’ ನುಡಿಸಿದರು. ಅದಾದ ಮೇಲೆ ಸುಮಾರು ಆರು ತಿಂಗಳು ಕ್ಯಾಲಿಫೋರ್ನಿಯಾದ ಕಾಮರಿಯೋ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಆ ರೆಕಾರ್ಡಿಂಗ್ ಹೊರಗೆ ಬಂತು. ಇದರಲ್ಲಿ ಎಂಥ ಭಾವವಿದೆ ಎಂದು ಹೊಗಳಿದವರಿದ್ದಾರೆ. ಪಾರ್ಕರ್‌ಗೆ ಮಾತ್ರ ಅದನ್ನು ಬಿಡುಗಡೆ ಮಾಡಿದ್ದಕ್ಕೆ ಸಿಟ್ಟಿತ್ತು. ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ತನ್ನ ನೋವನ್ನು ತಾನೇ ಆರಿಸಿ, ತಾನೇ ರೂಪ ಕೊಟ್ಟು ಹೇಳುವುದು ಒಂದು. ಕುಸಿದು ಬಿದ್ದಿರುವಾಗ ಬೇರೆಯವರು ಬಂದು ನೋಡುವುದು ಇನ್ನೊಂದು.

ಇದಕ್ಕೆ ಎದುರಾಗಿ ಒಂದು ವಿಡಿಯೋ ನೋಡಿ. 1957ರ ಡಿಸೆಂಬರ್ 8ರಂದು ಅಮೆರಿಕದ ಸಿಬಿಎಸ್ ಟಿವಿಯಲ್ಲಿ ನೇರ ಪ್ರಸಾರವಾದ ‘ದ ಸೌಂಡ್ ಆಫ್ ಜಾಝ್’ ಕಾರ್ಯಕ್ರಮ. ಅದರಲ್ಲಿ ಬಿಲಿ ಹಾಲಿಡೇ ‘ಫೈನ್ ಆ್ಯಂಡ್ ಮೆಲ್ಲೋ’ ಹಾಡುತ್ತಾರೆ. ಸುತ್ತ ದೊಡ್ಡ ದೊಡ್ಡ ವಾದಕರು ನಿಂತಿದ್ದಾರೆ. ಲೆಸ್ಟರ್ ಯಂಗ್ ಅವರ ಆರೋಗ್ಯ ಆಗಲೇ ತುಂಬಾ ಕೆಟ್ಟಿತ್ತು. ತಮ್ಮ ಸರದಿ ಬಂದಾಗ ಅವರು ಒಂದೇ ಸುತ್ತು ನುಡಿಸುತ್ತಾರೆ. ಹನ್ನೆರಡೇ ಬಾರ್. ಸ್ವರಗಳು ತೀರಾ ಕಮ್ಮಿ. ಒಂದೊಂದೂ ಸ್ವಲ್ಪ ತಡವಾಗಿ, ಬರಬೇಕೋ ಬೇಡವೋ ಎಂದು ಯೋಚಿಸಿ ಬಂದ ಹಾಗೆ. ಆಗ ಬಿಲಿ ಹಾಲಿಡೇ ಅವರ ಮುಖ ನೋಡಿ. ಇಬ್ಬರೂ ಎಷ್ಟೋ ವರ್ಷದ ಗೆಳೆಯರು. ಇಬ್ಬರೂ 1959ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಆ ಹನ್ನೆರಡು ಬಾರ್‌ಗಳಲ್ಲಿ ಗೋಳಾಟ ಇಲ್ಲ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಹಿಡಿತ ಒಂದು ಚೂರೂ ಸಡಿಲಿಲ್ಲ. ಜಾಝ್‌ನಲ್ಲಿ ಭಾವ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಆ ಹನ್ನೆರಡು ಬಾರ್‌ಗಳನ್ನು ಬಾಯಲ್ಲಿ ಹಾಡಲು ಕಲಿಯಿರಿ. ಪಿಯಾನೋ ಆಮೇಲೆ. ಬಾಯಲ್ಲಿ ಹಾಡಿದಾಗ ಉಸಿರು ಎಲ್ಲಿ ತೆಗೆದುಕೊಂಡರು ಅನ್ನುವುದು ನಿಮ್ಮ ಮೈಗೇ ಗೊತ್ತಾಗುತ್ತದೆ. ಪಿಯಾನೋ ನುಡಿಸುವವರಿಗೆ ಇದು ಬಹಳ ಮುಖ್ಯ. ಊದುವವರು ಉಸಿರಿಗಾಗಿ ನಿಲ್ಲಲೇಬೇಕು. ನಮಗೆ ಆ ಬಲವಂತ ಇಲ್ಲ. ಬೆರಳು ಓಡುತ್ತಲೇ ಇರಬಹುದು, ಓಡುತ್ತಲೇ ಇರುತ್ತದೆ. ನಿಮ್ಮ ಟ್ಯೂನ್ ಪಾಠದ ಹಾಗೆ ಕೇಳುವುದಕ್ಕೆ ಇದೂ ಒಂದು ಕಾರಣ ಇರಬಹುದು. ನುಡಿಸುವಾಗ ಜೊತೆಗೇ ಮೆಲ್ಲಗೆ ಹಾಡಿಕೊಳ್ಳಿ. ಉಸಿರು ಮುಗಿದಲ್ಲಿ ಕೈ ಎತ್ತಿ. ಮೊದಮೊದಲು ಆ ಖಾಲಿ ಜಾಗ ಭಯ ಹುಟ್ಟಿಸುತ್ತದೆ. ಅದನ್ನು ತುಂಬಿಸಲು ಬೇಸ್ ಇದೆ, ಡ್ರಮ್ಸ್ ಇದೆ. ಲೆಸ್ಟರ್ ಯಂಗ್ ಒಂದು ಹಾಡನ್ನು ನುಡಿಸುವ ಮೊದಲು ಅದರ ಸಾಹಿತ್ಯ ಗೊತ್ತಿರಬೇಕು ಎಂದು ನಂಬಿದ್ದರು. ನಿಮ್ಮ ಟ್ಯೂನ್‌ಗೂ ಸಾಹಿತ್ಯ ಇದೆ. ಅಪ್ಪನಿಗೆ ಬರೆದ ಆ ನಾಲ್ಕೈದು ವಾಕ್ಯಗಳು. ಅವುಗಳನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ನುಡಿಸಿ.

ಅಳು ಬರುವುದು ತಪ್ಪಲ್ಲ. ಬರೆಯುವಾಗ ಅಳಿ. ಒಬ್ಬರೇ ಅಭ್ಯಾಸ ಮಾಡುವಾಗ ಅಳಿ, ನಿಲ್ಲಿಸಿ, ಮತ್ತೆ ಶುರು ಮಾಡಿ. ಐವತ್ತು ಸಲ ನುಡಿಸಿದ ಮೇಲೆ ಕೈಗೆ ದಾರಿ ಗೊತ್ತಾಗಿರುತ್ತದೆ. ಆಗ ವೇದಿಕೆಯಲ್ಲಿ ನೀವು ನೆನಪನ್ನು ಕರೆಯಬೇಕಾಗಿಲ್ಲ, ಓಡಿಸಬೇಕಾಗಿಯೂ ಇಲ್ಲ. ಗಮನವನ್ನು ಸದ್ದಿನ ಮೇಲೆ ಇಡಿ. ಈ ಸ್ವರ ಎಷ್ಟು ಹೊತ್ತು ಉಳಿಯುತ್ತದೆ? ಬೇಸ್ ಈಗ ಎಲ್ಲಿದೆ? ಡ್ರಮ್ಸ್‌ನ ಬ್ರಷ್ ತಟ್ಟೆಗೆ ತಾಗುತ್ತಿದೆಯಾ? ನಾನು ಎರಡನೇ ಕಾರ್ಯಕ್ರಮದಲ್ಲಿ ಮಾಡಿದ್ದು ಇಷ್ಟೇ. ಬೇಸ್ ವಾದಕನ ಎಡಗೈಯನ್ನೇ ನೋಡುತ್ತಾ ನುಡಿಸಿದೆ. ನನ್ನ ಕಣ್ಣು ಒಣಗಿತ್ತು. ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹಿರಿಯರು ಹತ್ತಿರ ಬಂದು ಏನೂ ಹೇಳದೆ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೋದರು.

ಗತಿ ಬಗ್ಗೆ ಒಂದು ಸಣ್ಣ ಉಪಾಯ. ಎದೆ ಬಡಿತ ಜೋರಾದಾಗ ನಮಗೆ ನಿಧಾನದ ಅಂದಾಜು ತಪ್ಪುತ್ತದೆ. ಆದ್ದರಿಂದ ಕೌಂಟ್ (ಶುರುವಿನ ಎಣಿಕೆ) ಕೊಡುವ ಮುನ್ನ ಟ್ಯೂನ್‌ನಲ್ಲಿ ಅತಿ ಹೆಚ್ಚು ಸ್ವರಗಳಿರುವ ಸಾಲನ್ನು ಮನಸ್ಸಿನಲ್ಲಿ ಪೂರ್ತಿ ಹಾಡಿಕೊಳ್ಳಿ. ಆ ಸಾಲು ಆರಾಮವಾಗಿ ನಡೆಯುವ ಗತಿಯೇ ನಿಮ್ಮ ಗತಿ. ತುಂಬಾ ನಿಧಾನದ ಟ್ಯೂನ್ ಆದರೆ ಕೌಂಟ್ ಕೊಡುವ ಕೆಲಸವನ್ನು ಡ್ರಮ್ಸ್ ಗೆಳೆಯರಿಗೇ ಬಿಡಿ.

ಗೆಳೆಯರಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಕಥೆಯನ್ನು ಒಂದೇ ಸಲ, ಚಿಕ್ಕದಾಗಿ ಹೇಳಿ. ಶಿಳ್ಳೆಯನ್ನು ಹಾಕಿ ಕೇಳಿಸಿ. ಆಮೇಲೆ ‘ದುಃಖದಿಂದ ನುಡಿಸಿ’ ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿದ ತಕ್ಷಣ ಎಲ್ಲರೂ ನಿಧಾನವಾಗಿ, ಮೆತ್ತಗೆ, ಭಯಭಯವಾಗಿ ನುಡಿಸಲು ಶುರು ಮಾಡುತ್ತಾರೆ. ಕೈಗೆ ಸಿಗುವ ಮಾತು ಹೇಳಿ. ‘ಮೊದಲ ಸಾಲಿಗೆ ಡ್ರಮ್ಸ್ ಬೇಡ.’ ‘ಇಲ್ಲಿ ಬೇಸ್ ಒಂದೇ ಸ್ವರ ಹಿಡಿದಿರಲಿ, ನಾನು ಎಲ್ಲಿಗೆ ಹೋದರೂ ಬರಬೇಡಿ.’ ‘ಈ ಬಾರ್‌ನಲ್ಲಿ ಮೂವರೂ ಸುಮ್ಮನಿರೋಣ.’ ಇಂಥವು. ಕಾಲ್ಟ್ರೇನ್ ಅವರ ‘ಅಲಬಾಮಾ’ ಕೇಳಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚೊಂದಕ್ಕೆ ಬಾಂಬ್ ಇಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ಎರಡು ತಿಂಗಳಾದ ಮೇಲೆ, ನವೆಂಬರ್ 18ರಂದು, ಕಾಲ್ಟ್ರೇನ್ ಇದನ್ನು ರೆಕಾರ್ಡ್ ಮಾಡಿದರು. ಶುರುವಿನಲ್ಲಿ ಮೆಕಾಯ್ ಟೈನರ್ ಅವರ ಪಿಯಾನೋ ಮಂದ್ರದಲ್ಲಿ ಗುಡುಗಿನ ಹಾಗೆ ಗುರುಗುಡುತ್ತಿರುತ್ತದೆ, ಅಷ್ಟೇ. ಅಂಥ ದೊಡ್ಡ ವಾದಕ ಅಷ್ಟು ಹೊತ್ತು ಬೇರೇನನ್ನೂ ನುಡಿಸುವುದಿಲ್ಲ. ಅದರ ಮೇಲೆ ಸ್ಯಾಕ್ಸೋಫೋನ್ ಮಾತಾಡುತ್ತದೆ.

ನಿಮ್ಮ ಗೆಳೆಯರು ನೀವು ಅಂದುಕೊಂಡಿರದ ಏನನ್ನೋ ತಂದು ಸೇರಿಸುತ್ತಾರೆ. ತಡೆಯಬೇಡಿ. ಅವರಿಗೂ ಅಪ್ಪ ಇದ್ದಾರೆ, ಅಥವಾ ಇದ್ದರು. ಟ್ಯೂನ್ ನಿಮ್ಮ ಕೈ ಬಿಟ್ಟು ಸ್ವಲ್ಪ ಅವರದ್ದೂ ಆಗುತ್ತದೆ. ನನಗೆ ಜಾಝ್ ಇಷ್ಟವಾಗುವುದೇ ಈ ಕಾರಣಕ್ಕೆ. ಒಬ್ಬರೇ ಹೊರಲಾಗದ್ದನ್ನು ಮೂವರು ಹೊರುತ್ತಾರೆ.

ಕೇಳುವವರಿಗೆ ಕಥೆ ಹೇಳಬೇಕಾ? ನನ್ನ ಪ್ರಕಾರ ಟ್ಯೂನ್‌ನ ಹೆಸರು ಹೇಳಿ, ‘ಇದು ಅಪ್ಪನಿಗೆ’ ಅಂದರೆ ಸಾಕು. ಉದ್ದಕ್ಕೆ ಹೇಳಿದರೆ ಜನ ಸಂಗೀತ ಕೇಳುವ ಬದಲು ನಿಮ್ಮ ಮುಖ ನೋಡುತ್ತಾರೆ.

ಒಂದು ವೇಳೆ ಈಗ ಏನೂ ಬರುತ್ತಿಲ್ಲ ಅನ್ನಿಸಿದರೆ ಟ್ಯೂನನ್ನು ಮುಚ್ಚಿಡಿ. ಬಿಲ್ ಎವನ್ಸ್ ಅವರ ತ್ರಿವಳಿ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್‌ನಲ್ಲಿ ನುಡಿಸಿದ್ದು ಇವತ್ತಿಗೂ ಜನ ಕೇಳುತ್ತಾರೆ. ಅದಾದ ಹನ್ನೊಂದು ದಿನಕ್ಕೆ, ಜುಲೈ 6ರಂದು, ಅವರ ಬೇಸ್ ವಾದಕ ಸ್ಕಾಟ್ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಎವನ್ಸ್ ತಿಂಗಳುಗಟ್ಟಲೆ ಜನರ ಮುಂದೆ ನುಡಿಸಲಿಲ್ಲ. ನುಡಿಸಲಾಗದ ಕಾಲ ಅಂತ ಒಂದಿರುತ್ತದೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಬರುತ್ತಿದೆ ಅನ್ನಿಸಿದರೆ ಇವತ್ತು ಸಂಜೆಯೇ ಶುರು ಮಾಡಿ. ಬರೆದಿರುವ 32 ಬಾರ್‌ಗಳನ್ನು ಹರಿದು ಹಾಕಬೇಡಿ. ಅದರಲ್ಲಿ ಶಿಳ್ಳೆಯ ಎರಡು ಸ್ವರಗಳು ಎಲ್ಲಾದರೂ ಕೂರುತ್ತವಾ ನೋಡಿ. ಕೂತ ಜಾಗದಿಂದ ಮುಂದಿನದನ್ನೆಲ್ಲ ಹೊಸದಾಗಿ ಬರೆಯಿರಿ. ಕೊನೆಯಲ್ಲಿ ಶಿಳ್ಳೆ ಮತ್ತೆ ಬರಬೇಕು ಅಂತ ನಿಮಗೂ ಅನ್ನಿಸಬಹುದು. ಆಗ ಮೊದಲ ಸ್ವರವನ್ನು ನೀವು ನುಡಿಸಿ. ಎರಡನೆಯದನ್ನು ನುಡಿಸಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಬೇಸ್‌ಗೆ ಬಿಡುತ್ತಿದ್ದೆ.